ಎಷ್ಟು ಹತ್ತಿರ ಎಂದು ಕೇಳುತ್ತಿದ್ದ ಮಳೆಗಾಲ

ಮೊನ್ನೆ ಮಾರನಹಳ್ಳಿಯ ಹತ್ತಿರ ಗುಡ್ಡ ಜರಿದು ಘಾಟಿ ರಸ್ತೆ ಬಂದಾಯಿತು. ಮಂಗಳೂರಿಗೆ ಹೊರಟಿದ್ದ ನಮ್ಮ ಬಸ್ಸು ವಾಪಸು ಬಂದು ಸಕಲೇಶಪುರದ ಸ್ಟ್ಯಾಂಡಿನಲ್ಲಿ ನಿಂತಿತು. "ಮಣ್ಣು ತೆಗೆಯೋಗಂಟ ಏನೂ ಮಾಡಂಗಿಲ್ಲ ಕಣ್ರೀ, ಇಳಿದು ಕಾಫಿ ಕುಡೀರಿ" ಎಂದ ಕಂಡಕ್ಟರು ಎಲ್ಲರಿಗಿಂತ ಮೊದಲು ತಾನೇ ಹೋಟೆಲ್ಲಿಗೆ ನುಗ್ಗಿದ. ನಾನೂ ಕುಡಿದೆ. ಮಳೆ ಸ್ವಲ್ಪ ಇಳಿದಂತೆ ಕಂಡಿತು. ಕೊಡೆ ಬಿಚ್ಚಿ ಹೆತ್ತೂರು ರಸ್ತೆಯಲ್ಲಿ ನಡೆಯತೊಡಗಿದೆ. ಎಲ್ಲಿಗೆ ಹೋಗುತ್ತಿದ್ದೇನೆಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ, ಕಾಲಿಗೆ ಗೊತ್ತಿತ್ತು.

ಊರು ದಾಟಿದ ಮೇಲೆ ತಿರುವಿನಲ್ಲಿ ಒಂದು ಹಳೇ ಕಾಫಿ ಸ್ಟೋರ್ ಇದೆ. ಎಸ್ಟೇಟಿನವರು ಮೂಟೆ ಪೇರಿಸಿಡುತ್ತಿದ್ದ ಆ ಉದ್ದನೆಯ ಹೆಂಚಿನ ಕಟ್ಟಡ ಈಗ ಸಣ್ಣದೊಂದು ಪ್ರಕೃತಿ ಮ್ಯೂಸಿಯಂ. ಬಾಗಿಲು ತಳ್ಳಿದ ಕೂಡಲೇ ಅದೇ ವಾಸನೆ ಬಂತು. ಒದ್ದೆ ಗೋಣಿಚೀಲದ್ದು, ನುಸಿಗುಳಿಗೆಯದ್ದು, ಅದರ ಹಿಂದೆ ಎಲ್ಲೋ ಒಣಗಿದ ಕಾಫಿಯದ್ದು. ಮೂಟೆಗಳು ಹೋಗಿ ಎಷ್ಟೋ ಕಾಲವಾದರೂ ಗೋಡೆಗಳು ಅದನ್ನು ಬಿಟ್ಟುಕೊಟ್ಟಿಲ್ಲ. ಒಂದು ಮಳೆಗಾಲ ಪೂರ್ತಿ ನಾನು ಇದೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದವರನ್ನೆಲ್ಲ "ನೀವು ಪ್ರಕೃತಿಗೆ ಎಷ್ಟು ಹತ್ತಿರ?" ಎಂದು ಕೇಳುತ್ತಿದ್ದೆ. ಅದೇ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಬಿ.ಎಡ್. ಮುಗಿಸಿ, ಕೆಲಸ ಸಿಗದೆ, ಮಗ್ಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವನ ಕೈಲಿ ಬೈಸಿಕೊಂಡು ಕೂತಿದ್ದ ವರ್ಷ ಅದು. ಮೈಸೂರಿನಿಂದ ಸುಮಾ ಮೇಡಂ ಎಂಬ ಸಂಶೋಧಕಿ ಬಂದಿದ್ದರು. ಮ್ಯೂಸಿಯಂ ನೋಡಿದ ಜನರಿಗೆ ಪ್ರಕೃತಿಯ ಜೊತೆಗಿನ ನಂಟು ಹೆಚ್ಚುತ್ತದೆಯೋ ಇಲ್ಲವೋ ಎಂದು ಅಳೆಯುವುದು ಅವರ ಕೆಲಸ. ಬಾಗಿಲಲ್ಲಿ ಕೂತು ಜನರನ್ನು ಕೇಳಿ ಬರೆದುಕೊಳ್ಳಲು ನನ್ನನ್ನು ಇಟ್ಟುಕೊಂಡರು. ನಂಟನ್ನು ಅಳೆಯುವುದು ಹೇಗೆಂದರೆ, ಏಳು ಚೀಟಿ. ಪ್ರತಿ ಚೀಟಿಯಲ್ಲೂ ಎರಡು ವೃತ್ತ. ಒಂದರೊಳಗೆ 'ನಾನು', ಇನ್ನೊಂದರೊಳಗೆ 'ಪ್ರಕೃತಿ'. ಮೊದಲ ಚೀಟಿಯಲ್ಲಿ ಎರಡೂ ಮುನಿಸಿಕೊಂಡ ಓರಗಿತ್ತಿಯರ ಹಾಗೆ ದೂರ ದೂರ. ಆಮೇಲಾಮೇಲೆ ಹತ್ತಿರ ಬರುತ್ತ ಬರುತ್ತ ಕೊನೆಯದರಲ್ಲಿ ಒಂದರ ಮೇಲೊಂದು ಕೂತು ಒಂದೇ ವೃತ್ತ. ಒಳಗೆ ಹೋಗುವ ಮೊದಲು ಒಂದು ಚೀಟಿ ಆರಿಸಬೇಕು, ನೋಡಿ ಬಂದ ಮೇಲೆ ಮತ್ತೊಮ್ಮೆ ಆರಿಸಬೇಕು. ಎರಡರ ನಡುವಿನ ವ್ಯತ್ಯಾಸವೇ ಮ್ಯೂಸಿಯಂ ಮಾಡಿದ ಕೆಲಸ.

"ಅಷ್ಟೇನಾ ಮೇಡಂ?" ಎಂದೆ.

"ಅಷ್ಟೇ. ಆದ್ರೆ ನೀನು ಮಧ್ಯೆ ಬಾಯಿ ಹಾಕಬಾರದು. ಅವರು ಏನು ಹೇಳ್ತಾರೋ ಅದನ್ನೇ ಬರೀಬೇಕು" ಎಂದರು.

ಬಾಯಿ ಹಾಕದಿರುವುದು ನಮ್ಮ ವಂಶದಲ್ಲೇ ಇಲ್ಲ ಎಂದು ಅವರಿಗೆ ಆಮೇಲೆ ಗೊತ್ತಾಯಿತು.

ಜೂನ್‌ನಲ್ಲಿ ಹಿಡಿದ ಮಳೆ ಬಿಡದೆ ಹುಯ್ಯುತ್ತಿತ್ತು. ರೆಸಾರ್ಟುಗಳಿಂದ ಬರುವವರಿಗೆ ಮಳೆಯೇ ಹಬ್ಬ. ಬಣ್ಣಬಣ್ಣದ ರೇನ್‌ಕೋಟು ತೊಟ್ಟು ಬಂದು, ಚೀಟಿ ಮುಂದಿಟ್ಟರೆ ಯೋಚನೆಯನ್ನೇ ಮಾಡದೆ ಒಂದೇ ವೃತ್ತದ ಕೊನೇ ಚೀಟಿ ಎತ್ತುತ್ತಿದ್ದರು. ಚಿಟ್ಟೆಗಳ ಕೋಣೆಯಿಂದ, ಹಕ್ಕಿಗಳ ಕೂಗಿನ ರೆಕಾರ್ಡು ಹಾಕಿರುತ್ತಿದ್ದ ಕೋಣೆಗೆ ಹೋಗಲು ಅಂಗಳ ದಾಟಬೇಕಿತ್ತು. ಆ ಹುಲ್ಲಿನಲ್ಲಿ ಇಂಬಳಗಳು ಕಾದುಕೊಂಡಿರುತ್ತಿದ್ದವು. ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿಸಿಕೊಂಡು ಕಿರುಚುತ್ತ ಹೊರಬಂದವರು, ಎರಡನೇ ಸಲ ಕೇಳಿದರೆ ಮೊದಲನೇ ಚೀಟಿಗೇ ಕೈ ಹಾಕುತ್ತಿದ್ದರು. ಒಬ್ಬ ಪ್ಲಾಂಟರ್ ಬಂದಿದ್ದರು. ಎಲ್ಲ ಚೀಟಿಯನ್ನೂ ತಿರುವಿ ತಿರುವಿ ನೋಡಿ, "ಪ್ರಕೃತಿ ಚಿಕ್ಕದಾಗಿ ನನ್ನೊಳಗೆ ಇರೋದು ಇಲ್ವೇನಮ್ಮ? ಅಷ್ಟೂ ತೋಟ, ಅದರ ಹಿಂದಿನ ಗುಡ್ಡ, ಹಳ್ಳ, ಎಲ್ಲಾ ನಮ್ದೇ" ಎಂದರು. ಅಂಥ ಚೀಟಿ ಇಲ್ಲ ಎಂದಾಗ ಅವರಿಗೆ ನಿಜಕ್ಕೂ ಬೇಸರವಾಯಿತು.

ತಲೆನೋವು ತಂದವರು ನಮ್ಮವರೇ. ಆಲೂರು ಕಡೆಯಿಂದ, ಹೆತ್ತೂರು ಕಡೆಯಿಂದ ಸಂತೆಗೋ ಆಸ್ಪತ್ರೆಗೋ ಬಂದು, ಬಸ್ಸಿಗೆ ಹೊತ್ತಿದೆಯೆಂದು ಒಳಗೆ ಬರುವ ಜನ. ಒಳಗೆ ಹೋಗುವಾಗ ಯಾವ ಚೀಟಿ ತೋರಿಸಿದರೋ ಬರುವಾಗಲೂ ಕಣ್ಣುಮುಚ್ಚಿ ಅದನ್ನೇ ತೋರಿಸುತ್ತಿದ್ದರು. ಕೆಲವರದು ಮನೆಯವರೆಲ್ಲರಿಗೂ ಸೇರಿ ಒಂದೇ ಚೀಟಿ. ದಿನಗಟ್ಟಲೆ ಹಾಳೆಯಲ್ಲಿ ಬರೀ ಸೊನ್ನೆ, ಸೊನ್ನೆ. ಚೀಟಿಯೇ ಸರಿಯಿಲ್ಲವೋ, ಕೇಳುವ ನಾನೇ ಸರಿಯಿಲ್ಲವೋ ಎಂದು ಮೇಡಂ ತಲೆ ಕೆಡಿಸಿಕೊಂಡರು. ಒಂದು ದಿನ ಅವರೇ ನನ್ನ ಪಕ್ಕ ಕೂತು, ಹೊರಬಂದ ಒಬ್ಬ ಅಜ್ಜಿಯನ್ನು ಕೇಳಿದರು: "ಒಳಗೆ ಇಷ್ಟೆಲ್ಲ ನೋಡಿದ್ರಲ್ಲಮ್ಮ, ಮನಸ್ಸಿಗೆ ಏನೂ ಬೇರೆ ಅನ್ನಿಸಲಿಲ್ವಾ?"

"ಅನ್ನಿಸ್ತು ಕಣವ್ವ. ಆ ಹಕ್ಕಿ ಕೂಗೋದು ಕೇಳಿ ನಮ್ಮ ತೌರು ನೆಪ್ಪಾಗಿ ಅಳು ಬಂದ್ಬುಡ್ತು."

"ಮತ್ತೆ ಬೇರೆ ಚೀಟಿ ಯಾಕೆ ತೆಗೀಲಿಲ್ಲ?"

"ಹೋಗೋವಾಗ ಒಂದು, ಬರೋವಾಗ ಒಂದು ಹೇಳಕೆ ನಾನೇನು ಎಲೆಕ್ಷನ್‌ಗೆ ನಿಂತಿದೀನಾ?" ಎಂದು ಅಜ್ಜಿ ಸೆರಗು ತಲೆಗೆ ಹೊದ್ದು ಮಳೆಗೆ ಇಳಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ಕಡೆ ಗಾದೆಯನ್ನು ಹೇಳುವುದಷ್ಟೇ ಅಲ್ಲ, ಹಾಗೇ ಬದುಕುತ್ತಾರೆ. ಮೇಡಂ ಬಹಳ ಹೊತ್ತು ನಕ್ಕರು. ನಕ್ಕು ಆದ ಮೇಲೆ, ಆ ಸೊನ್ನೆಯನ್ನು ಹಾಗೇ ಇರಿಸಿ, ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿದರು.

ಮನೆಗೆ ಬಂದರೆ ನಗು ಇರುತ್ತಿರಲಿಲ್ಲ. ಹಿಂದಿನ ಕೊಯ್ಲಿನಲ್ಲಿ, ಮಂಜು ಕವಿದ ಒಂದು ಬೆಳಗ್ಗೆ, ಹುಲ್ಲಿನ ಬಣವೆ ನೋಡಲು ಗದ್ದೆಗೆ ಹೋದ ಅಪ್ಪನಿಗೆ ಬಣವೆಯ ಹಿಂದೆ ಒಂಟಿ ಸಲಗ ಎದುರಾಗಿತ್ತು. ಸೊಂಡಿಲಲ್ಲಿ ಎತ್ತಿ ಕಾಲುವೆಗೆ ಎಸೆದು, ಅದು ತನ್ನ ಪಾಡಿಗೆ ತಾನು ಹೋಯಿತು. ಪಕ್ಕೆಲುಬು ಮುರಿದಿತ್ತು. ಡಾಕ್ಟರು ವಾಸಿ ಮಾಡಿದರು. ಎಲುಬು ಕೂಡಿಕೊಂಡರೂ ಅಪ್ಪ ಮಾತ್ರ ಏಳಲಿಲ್ಲ. ಊಟಕ್ಕೆ, ಸ್ನಾನಕ್ಕೆ ಎದ್ದು ಮತ್ತೆ ಚಾಪೆ. ಗದ್ದೆಯ ಕಡೆಯ ಕಿಟಕಿಯನ್ನು ತಾನೇ ಮುಚ್ಚಿದ್ದ. ಅವ್ವ ಕುಡುಗೋಲು ಹಿಡಿದು ಅತ್ತ ಹೊರಟರೆ, "ಹೋದ್ರೆ ನನ್ನ ಹೆಣ ದಾಟಿ ಹೋಗು" ಎನ್ನುತ್ತಿದ್ದ. ಅದು ಕೋಪವಲ್ಲ. ಅವನ ಕೈ ನಡುಗುತ್ತಿದ್ದುದನ್ನು ನಾವಿಬ್ಬರೂ ನೋಡಿದ್ದೆವು.

ಇದೇ ಅಪ್ಪ ಹಿಂದೆ ಆನೆ ಬಂದು ಅರ್ಧ ಪೈರು ತುಳಿದು ಹೋದರೂ, "ಅವಕ್ಕೂ ಹೊಟ್ಟೆ ಐತಲ್ಲ" ಎಂದು ಉಳಿದರ್ಧವನ್ನು ಕೊಯ್ಯಲು ಇಳಿಯುತ್ತಿದ್ದವನು.

ದೊಡ್ಡಪ್ಪ ಒಂದು ದಾರಿ ಹುಡುಕಿದ. ಈ ಮಳೆಗಾಲ ನಾಟಿಯಾಗದಿದ್ದರೆ ಗದ್ದೆಯನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಡುವುದು. ಶುಂಠಿಗೆ ಕೊಟ್ಟ ಗದ್ದೆಯ ಗತಿ ನಮ್ಮ ಊರಲ್ಲಿ ಎಲ್ಲರೂ ಕಂಡಿದ್ದರು. ಬದು ಒಡೆದು ಎತ್ತರದ ಮಣ್ಣಿನ ಏರಿ ಮಾಡಿ, ಸಿಕ್ಕ ಔಷಧಿಯನ್ನೆಲ್ಲ ಸುರಿದು, ಅವರು ಬಿಟ್ಟು ಹೋದ ಮೇಲೆ ಅಲ್ಲಿ ಭತ್ತ ಸರಿಯಾಗಿ ಏಳುವುದಿಲ್ಲ. "ಗದ್ದೆ ಹೋದ್ರೆ ಹೋಗ್ಲಿ ಮಾರಾಯ್ತಿ, ತಮ್ಮ ಇನ್ನೊಂದ್ಸಲ ಬಿದ್ರೆ ನಾನು ಎಲ್ಲಿಂದ ತರ್ಲಿ?" ಎಂದು ಅವ್ವನ ಎದುರು ಆತ ಕಣ್ಣೀರು ಹಾಕಿದ. ಮಾರನೆಯ ದಿನ ಅವ್ವ ಹಿತ್ತಿಲಲ್ಲಿ ಸೊಪ್ಪಿನ ಮಡಿ ಅಗೆದು, ನಾಟಿಯ ಸಸಿಗೆಂದು ಅಲ್ಲೇ ಭತ್ತದ ಒಟ್ಲು ಹಾಕಿದಳು. ಸಸಿ ಹಸಿರಾಗಿ ಎದ್ದಿತು. ಬಚ್ಚಲಿಗೆ ಹೋಗಿ ಬರುವಾಗೆಲ್ಲ ಅಪ್ಪ ಅದನ್ನು ನೋಡಿಯೂ ನೋಡದವನಂತೆ ಬರುತ್ತಿದ್ದ.

ಜುಲೈ ನಡುವಿನ ಒಂದು ದಿನ ದೊಡ್ಡಪ್ಪನ ಜೀಪು ಮ್ಯೂಸಿಯಂ ಮುಂದೆ ನಿಂತಿತು. ಅಪ್ಪನನ್ನು ಆಸ್ಪತ್ರೆಗೆ ತೋರಿಸಿಕೊಂಡು ಬಂದಿದ್ದ. "ಇವ್ನನ್ನ ಇಲ್ಲೇ ಕೂರಿಸ್ಕೊಂಡಿರವ್ವ, ಶುಂಠಿಯೋರತ್ರ ಒಂದು ಮಾತಾಡಿ ಬತ್ತೀನಿ" ಎಂದು ಇಳಿಸಿ ಹೋದ. ಅಪ್ಪ ತಲೆಗೆ ಟವೆಲ್ ಸುತ್ತಿ, ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು, ಬೇರೆಯವರ ಮನೆಗೆ ಬಂದ ಹಾಗೆ ಬಾಗಿಲಲ್ಲೇ ನಿಂತ. ಟಿಕೆಟ್ ಕೊಡುವ ಲೋಕೇಶಣ್ಣ, ಮೊದಲು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು, "ಬನ್ನಿ ಗೌಡ್ರೇ, ನಿಮಗೆಂಥ ಟಿಕೆಟ್ಟು" ಎಂದು ಕುರ್ಚಿ ಕೊಟ್ಟ.

"ನೀನು ಏನು ಕೆಲ್ಸ ಮಾಡ್ತೀಯ ಇಲ್ಲಿ?" ಎಂದು ಅಪ್ಪ ಕೇಳಿದ. ಎಷ್ಟೋ ತಿಂಗಳ ಮೇಲೆ ಅವನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಚೀಟಿಗಳನ್ನು ಅವನ ಮುಂದೆ ಹರಡಿ ಎಲ್ಲರಿಗೂ ಹೇಳುವಂತೆಯೇ ಹೇಳಿದೆ. ಅಪ್ಪ ಮೊದಲನೆಯದನ್ನು, ಎರಡು ವೃತ್ತ ದೂರ ದೂರ ಇದ್ದದ್ದನ್ನು, ಬೆರಳಲ್ಲಿ ಮುಟ್ಟಿದ.

"ಇದಕ್ಕಿಂತ ದೂರದ್ದು ಇಲ್ವಾ?"

"ಇಲ್ಲಪ್ಪ."

"ಹಂಗಾದ್ರೆ ಇದೇ ಬರ್ಕೊ."

ಬರೆದುಕೊಂಡೆ. ಅಕ್ಷರ ಸೊಟ್ಟ ಬಂತು.

ಅವನನ್ನು ಒಳಗೆ ಕರೆದೊಯ್ಯುವ ಯೋಚನೆ ನನಗಿರಲಿಲ್ಲ. ಕೂತು ಬೇಸರವಾಗಿ ತಾನೇ ಎದ್ದ. ಚಿಟ್ಟೆ ನೋಡಿದ, ಬಾಟಲಿಯಲ್ಲಿಟ್ಟ ಹಾವು ನೋಡಿ, "ಪಾಪ, ಇದನ್ನ ಯಾಕೆ ಹಿಂಗೆ ಮಡಗವ್ರೆ" ಎಂದ. ಆಮೇಲೆ ಕೊನೆಯ ಕೋಣೆ ಬಂತು. ಅಲ್ಲಿರುವುದು ಕಾಡಿನಂಚಿನಲ್ಲಿ ವಯಸ್ಸಾಗಿ ಸತ್ತ ಒಂದು ಹೆಣ್ಣಾನೆಯ ಪೂರಾ ಅಸ್ಥಿಪಂಜರ. "ಅಪ್ಪ, ಅದು ಬೇಡ, ಕಾಫಿ ಕುಡಿಯೋಣ ಬಾ" ಎಂದು ನಾನು ತೋಳು ಹಿಡಿದೆ. ಅವನಾಗಲೇ ಬಾಗಿಲಾಚೆಯಿಂದ ಅದನ್ನು ಕಂಡಿದ್ದ.

ಅಲ್ಲೇ ನಿಂತು ಅಪ್ಪ ಕೆಮ್ಮಿದ.

ಅದು ನೆಗಡಿಯ ಕೆಮ್ಮಲ್ಲ. ನಮ್ಮ ಕಡೆ ಮುಂಜಾನೆ ಗದ್ದೆಗೆ ಇಳಿಯುವಾಗ ಬದುವಿನ ಮೇಲೆ ನಿಂತು ಹೀಗೆ ಜೋರಾಗಿ ಕೆಮ್ಮುತ್ತಾರೆ. ಒಳಗೆ ಯಾರಾದರೂ ಇದ್ದರೆ ಗೊತ್ತಾಗಲಿ, ಸರಿದುಕೊಳ್ಳಲಿ ಎಂದು. ಆ ಮಂಜಿನ ಬೆಳಗ್ಗೆ ಅಪ್ಪ ಕೆಮ್ಮಿದ್ದನೋ ಮರೆತಿದ್ದನೋ, ನಾವು ಯಾರೂ ಕೇಳುವ ಧೈರ್ಯ ಮಾಡಿರಲಿಲ್ಲ. ಈಗ ಬರೀ ಮೂಳೆಯ ಎದುರು ಕೆಮ್ಮಿ, ಸ್ವಲ್ಪ ಹೊತ್ತು ಕಾದು, ಚಪ್ಪಲಿ ಬಿಟ್ಟು ಒಳಗೆ ಹೋದ.

ಸುತ್ತ ಒಂದು ಸಲ ನಡೆದ. ಎಡಗಡೆ ಪಕ್ಕೆಯ ಹತ್ತಿರ ನಿಂತುಬಿಟ್ಟ.

"ಇದೇನವ್ವ, ಇಲ್ಲಿ ಗಂಟು?"

ಒಂದು ಪಕ್ಕೆಲುಬಿನ ನಡುವೆ ಮೂಳೆ ಉಬ್ಬಿಕೊಂಡಿತ್ತು. ದಿನಾ ನೋಡುತ್ತಿದ್ದ ಬೋರ್ಡನ್ನೇ ಓದಿ ಹೇಳಿದೆ. ಪ್ರಾಯದಲ್ಲಿ ಮುರಿದದ್ದು, ಕೂಡಿಕೊಂಡ ಗುರುತು.

"ಯಾರು ಕಟ್ಟಿದ್ರು?"

"ಯಾರೂ ಇಲ್ಲಪ್ಪ. ಕಾಡಲ್ಲಿ ಯಾರು ಕಟ್ತಾರೆ? ತಾನೇ ಕೂಡ್ಕೊಂಡಿದೆ."

ಅಪ್ಪ ಅಂಗಿಯೊಳಗೆ ಕೈ ಹಾಕಿ ತನ್ನ ಪಕ್ಕೆ ಮುಟ್ಟಿಕೊಂಡ. ಹೆಂಚಿನ ಮೇಲೆ ಮಳೆ ಬಡಿಯುತ್ತಿತ್ತು, ಅವನ ಮಾತು ಕೇಳಿಸಲು ನಾನು ಹತ್ತಿರ ಹೋಗಬೇಕಾಯಿತು. "ಉಸ್ರು ಎಳ್ದಾಗೆಲ್ಲ ನೋವಾಗಿರ್ತದೆ ಕಣವ್ವ ಇದಕ್ಕೆ" ಎಂದ. "ಆ ಮಗ್ಗುಲಿಗೆ ಮಲಗಕಾಗಿರಲ್ಲ. ಮಳೆ ಹಿಡಿದ್ರೆ ಒಳಗೇ ಎಳೀತಿರ್ತದೆ. ಯಾರಿಗೇಳ್ತದೆ?" ಆಮೇಲೆ ಅಂದ: "ಆದ್ರೂ ಮೇವಿಗೆ ಹೋಗ್ಲೇಬೇಕಲ್ಲ, ಪಾಪ."

ಮುಟ್ಟಬಾರದು ಎಂದು ಅಲ್ಲಿ ದೊಡ್ಡದಾಗಿ ಬರೆದಿದೆ. ಅಪ್ಪ ಕೈ ಚಾಚಿ ಆ ಗಂಟಿನ ಮೇಲೆ ಅಂಗೈ ಇಟ್ಟ. ಜ್ವರ ಬಂದ ಮಗುವಿನ ಹಣೆ ಮುಟ್ಟುವವರ ಹಾಗೆ. ಬಾಗಿಲಿಗೆ ಬಂದಿದ್ದ ಲೋಕೇಶಣ್ಣ ಅದನ್ನು ನೋಡಿ, ತಿರುಗಿ ಅಂಗಳದ ಮಳೆ ನೋಡುತ್ತ ನಿಂತ. ನಾನು ಅಲ್ಲೇ ಅತ್ತೆ. ಅಪ್ಪನಿಗೆ ಕಾಣದ ಹಾಗೆ ಅತ್ತೆ.

ಹೊರಗೆ ಬಂದ ಮೇಲೆ ಚೀಟಿ ಮತ್ತೆ ಹರಡಿದೆ. ಎರಡನೆಯದಾದರೂ ಮುಟ್ಟಪ್ಪಾ ಎಂದು ದೇವರಿಗೆ ಹರಸಿಕೊಳ್ಳುವುದೊಂದು ಬಾಕಿ. ಅಪ್ಪ ಮೊದಲನೆಯದನ್ನೇ ಮುಟ್ಟಿದ.

"ದೂರಾನೇ ಇರ್ಲಿ ಕಣವ್ವ. ಅದರ ದಾರೀಲಿ ಅದು ಹೋಗ್ಲಿ, ನಮ್ಮ ದಾರೀಲಿ ನಾವು."

ಅಷ್ಟರಲ್ಲಿ ದೊಡ್ಡಪ್ಪ ಬಂದ. ಶುಂಠಿಯವರು ಮುಂದಿನ ವಾರ ಗದ್ದೆ ನೋಡಲು ಬರುತ್ತಾರೆ ಎಂದ. ಅಪ್ಪ ತಲೆಯ ಟವೆಲ್ ಬಿಗಿದುಕೊಂಡ. ಜೀಪು ಹತ್ತಿ ಕೂತ.

ಸಂಜೆ ಮೇಡಂ ಹತ್ತಿರ ವಾದಕ್ಕೆ ನಿಂತೆ. ನಡೆದದ್ದನ್ನೆಲ್ಲ ಹೇಳಿ, "ಸೊನ್ನೆ ಹೇಗೆ ಬರೀಲಿ ಮೇಡಂ? ನಾನೇ ಕಣ್ಣಾರೆ ನೋಡಿದೀನಿ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಆದರೂ ಬಿಡಲಿಲ್ಲ. "ನಿಮ್ಮಪ್ಪ ಏನು ಹೇಳಿದ್ರು? ಮೊದಲನೇ ಚೀಟಿ ಅಂದ್ರು. ಅವರ ಮಾತನ್ನ ನಾವಿಬ್ಬರು ಸೇರಿ ತಿದ್ದೋದು ಬೇಡ" ಎಂದರು. ಹಟ ಮಾಡಿ ಕೂತೆ, ಚಹಾ ಬೇಡವೆಂದೆ, ಕೊನೆಗೆ ಸೊನ್ನೆ ಬರೆದೆ. ಇವತ್ತು ಯೋಚಿಸಿದರೆ ಅವರು ಅಪ್ಪನಿಗೆ ಕೊಟ್ಟ ಮರ್ಯಾದೆ ಅದು ಅನ್ನಿಸುತ್ತದೆ.

ಮೂರ್ನಾಲ್ಕು ದಿನ ಏನೂ ಆಗಲಿಲ್ಲ. ಅಪ್ಪ ಚಾಪೆಯ ಮೇಲೆ, ಮಳೆ ಹೊರಗೆ. ನಾನು ಆಸೆ ಬಿಟ್ಟಿದ್ದೆ. ಒಂದು ಬೆಳಗ್ಗೆ ಬಸ್ಸಿಗೆ ಹೊರಡಲು ಕೊಡೆ ಹುಡುಕುತ್ತಿದ್ದೆ. ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಗೋಡೆಯ ಕಡೆಯಿಂದ ಅಪ್ಪನ ದನಿ ಬಂತು.

"ಸಸಿ ಎಷ್ಟುದ್ದ ಬಂದವೆ?"

ಅವ್ವ ರೊಟ್ಟಿಯನ್ನು ಹೆಂಚಿನ ಮೇಲೆ ಬಿಟ್ಟು ಹಿಂಬಾಗಿಲಿನಿಂದ ಓಡಿದಳು. ಬಾಯಲ್ಲಿ ಹೇಳಬಹುದಿತ್ತು, ದಿನಕ್ಕೆ ಹತ್ತು ಸಲ ನೋಡುತ್ತಿದ್ದಳು. ಮಳೆಯಲ್ಲೇ ಹೋಗಿ, ಬೇರಿನ ಕೆಸರಿನ ಸಮೇತ ಒಂದು ಸಸಿ ಕಿತ್ತು ತಂದು ಅವನ ಕೈಲಿಟ್ಟಳು. ಅಪ್ಪ ಎದ್ದು ಕೂತು ಅದನ್ನು ಬೆಳಕಿಗೆ ಹಿಡಿದ. "ಇನ್ನೂ ಬುಟ್ರೆ ಬಲ್ತೋಗ್ತವೆ. ಅಣ್ಣಂಗೆ ಟಿಲ್ಲರ್ ತರಕೇಳು" ಎಂದ. ರೊಟ್ಟಿ ಸೀದು ಮನೆಯೆಲ್ಲ ಹೊಗೆಯಾಗಿತ್ತು. ಅವತ್ತು ಆ ರೊಟ್ಟಿಯನ್ನೇ ತಿಂದೆವು.

ದೊಡ್ಡಪ್ಪ ಬೈದುಕೊಳ್ಳುತ್ತಲೇ ಟಿಲ್ಲರ್ ತಂದ, ಬೈದುಕೊಳ್ಳುತ್ತಲೇ ಗದ್ದೆ ಹೂಡಿದ, ಶುಂಠಿಯವರಿಗೆ ಫೋನ್ ಮಾಡಿ ಬರಬೇಡಿ ಎಂದೂ ಅವನೇ ಹೇಳಿದ. ಆದರೆ ನಾಟಿಯ ಮೊದಲ ಹಿಡಿ ಸಸಿಯನ್ನು ನಮ್ಮಲ್ಲಿ ಗದ್ದೆಯ ಯಜಮಾನನೇ ನೆಡಬೇಕು. ಅವನು ನೆಡದೆ ನಾಟಿ ಹೆಂಗಸರು ಕೆಸರಿಗೆ ಕಾಲಿಡುವುದಿಲ್ಲ. ಅಪ್ಪ ಮನೆಯಲ್ಲಿ ಕೂತು ಟಿಲ್ಲರ್ ತರಿಸಿದ್ದ, ಆಳು ಹೇಳಿಸಿದ್ದ. ಅಂಗಳ ದಾಟಿ ಗದ್ದೆಗೆ ಇನ್ನೂ ಇಳಿದಿರಲಿಲ್ಲ.

ನಾಟಿಯ ದಿನ ನಾನು ರಜೆ ಹಾಕಿದೆ. ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬದುವಿನ ಮೇಲೆ ಸಾಲಾಗಿ ನಿಂತಿದ್ದರು, ಅವರ ನಡುವೆ ಅವ್ವ. ಯಾರೂ ಕೂಗಿ ಕರೆಯಲಿಲ್ಲ, ಹೊತ್ತಾಯಿತು ಅನ್ನಲಿಲ್ಲ. ಮನೆಯ ಹಿಂದಿನ ಇಳಿಜಾರಿನಲ್ಲಿ ಅಪ್ಪ ಒಂದೊಂದೇ ಹೆಜ್ಜೆ ಇಡುತ್ತ ಬಂದ. ಪಕ್ಕದಲ್ಲೇ ನಡೆಯುತ್ತಿದ್ದ ನನ್ನ ಕಂಕುಳಲ್ಲಿ ಸಸಿಯ ಕಟ್ಟು. ಕಾಲುವೆಯ ಹತ್ತಿರ, ತಾನು ಬಿದ್ದಿದ್ದ ಜಾಗದಲ್ಲಿ, ಅವನ ಕಾಲು ನಿಂತುಹೋಯಿತು. ಎದುರಿನ ಕಾಡಂಚಿನ ಕಡೆ ನೋಡಿದ. ಮಳೆಯಲ್ಲಿ ಅಲ್ಲಿ ಏನಿದೆ ಏನಿಲ್ಲ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

"ಕೈ ಕೊಡು" ಎಂದ.

ನಾನು ದೊಡ್ಡವಳಾದ ಮೇಲೆ ಅಪ್ಪ ನನ್ನ ಕೈ ಹಿಡಿದಿರಲಿಲ್ಲ. ಹಿಡಿದ ಕೈ ತಣ್ಣಗಿತ್ತು. ಬೇಡಪ್ಪ, ಮನೆಗೆ ಹೋಗೋಣ, ಗದ್ದೆ ಹಾಳಾಗಿ ಹೋಗಲಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಪ್ಪ ಒಂದು ದೀರ್ಘ ಉಸಿರೆಳೆದ. ಅರ್ಧದಲ್ಲೇ ಪಕ್ಕೆ ಹಿಡಿದುಕೊಂಡದ್ದು ಮುಖದಲ್ಲಿ ಕಂಡಿತು. ಆ ನೋವಿನಲ್ಲೇ ಕಾಲುವೆ ದಾಟಿ, ಬದು ಇಳಿದು, ಗದ್ದೆಯ ಕೆಸರಿಗೆ ಕಾಲಿಟ್ಟ. ಮೊಣಕಾಲಿನವರೆಗೆ ಹೂತುಕೊಂಡು, ನನ್ನ ಕೈ ಹಿಡಿದೇ ನಾಲ್ಕು ಹೆಜ್ಜೆ ಒಳಗೆ ಬಂದ. ಬದುವಿನ ಮೇಲಿದ್ದವರು ನೋಡುತ್ತಿದ್ದರು.

"ಈಗ ಬುಡು" ಎಂದ.

ನನಗೆ ಬಿಡಲಾಗಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ಅಪ್ಪ ತಿರುಗಿ ನನ್ನ ಮುಖ ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಮೀಸೆಯ ಕೆಳಗೆ ನಗು ಬಂದಿತ್ತು.

"ಬುಡವ್ವ. ಒಂದು ಕೈಲಿ ನಾಟಿ ಹಾಕಕಾಗ್ತದಾ?"